ನೆಗಡಿಯ ಲೆಕ್ಕ, ಜ್ವರದ ದಿಗಿಲು

ಅಕ್ಟೋಬರ್ ಬಂತೆಂದರೆ ವಾಷಿಂಗ್‌ಟನ್ ಸುತ್ತಮುತ್ತಲ ನಮ್ಮ ಕನ್ನಡ ಮನೆಗಳಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ಒಂದು, ದಸರಾ ಗೊಂಬೆ ಕೂರಿಸುವುದು. ಇನ್ನೊಂದು, ಮಕ್ಕಳ ಮೂಗು ಸೋರಲಾರಂಭಿಸುವುದು. ಗೊಂಬೆಗಳು ಹತ್ತು ದಿನಕ್ಕೆ ಪೆಟ್ಟಿಗೆ ಸೇರುತ್ತವೆ. ಮೂಗು ಮಾತ್ರ ಯುಗಾದಿಯವರೆಗೂ ನಿಲ್ಲುವುದಿಲ್ಲ. ಅಟ್ಲಾಂಟಾದ ಗೆಳೆಯರನ್ನು ಕೇಳಿದರೂ, ಕ್ಯಾರಿ ಅಥವಾ ಶಾರ್ಲಟ್‌ನ ನೆಂಟರನ್ನು ಕೇಳಿದರೂ ಇದೇ ಕಥೆ. ಡಾಕ್ಟರ ಬಳಿ ಹೋದರೆ "ವೈರಸ್ ಅಷ್ಟೇ, ತಾನಾಗಿ ಹೋಗುತ್ತೆ" ಎಂದು ವಾಪಸ್ಸು ಕಳಿಸುತ್ತಾರೆ. ಊರಿಂದ ಅಜ್ಜಿ ಫೋನಿನಲ್ಲಿ "ಮಗೂಗೆ ಶಕ್ತೀನೇ ಇಲ್ಲ ಕಣ್ರೋ, ಬರೀ ಆ ಫ್ರಿಜ್ಜಿನ ಹಾಲು ಕುಡಿಸ್ತೀರಿ" ಎಂದು ಗದರುತ್ತಾರೆ. ಈ ಎರಡು ಮಾತುಗಳ ನಡುವೆ ಸಿಕ್ಕಿಹಾಕಿಕೊಂಡು ರಾತ್ರಿ ಎರಡು ಗಂಟೆಗೆ ಥರ್ಮಾಮೀಟರ್ ಹಿಡಿದು ಕೂತಿರುವವರು ನಾವು.

ನಾವು ವೈದ್ಯರಲ್ಲ, ಕಂಪ್ಯೂಟರ್ ಕುಟ್ಟಿ ಹೊಟ್ಟೆ ಹೊರೆಯುವವರು. ಆದರೆ ದಿಗಿಲು ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಎಷ್ಟೋ ಕೆಲಸ ನಡೆದಿರುವುದು ನಮ್ಮ ಮನೆಗಳಿಂದ ಒಂದು ಗಂಟೆಯ ಡ್ರೈವಿನೊಳಗಿನ ಊರುಗಳಲ್ಲಿ. ಅದನ್ನು ಒಂದೆಡೆ ಕಲೆಹಾಕಿ ಓದುಗ ಮಿತ್ರರ ಮುಂದಿಡುವ ಪ್ರಯತ್ನ ಇದು.

ಮೊದಲಿಗೆ ದಿಗಿಲಿನ ಬಗ್ಗೆಯೇ ಒಂದು ಮಾತು. ಅದನ್ನು ಹಾಸ್ಯ ಮಾಡುವುದು ಸುಲಭ, ಆದರೆ ಅದಕ್ಕೆ ಬೇರಿದೆ. 1900ರ ಸುಮಾರಿನಲ್ಲಿ ಅಮೆರಿಕದಲ್ಲೇ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು ನೂರು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಇಂದು ಆ ಸಂಖ್ಯೆ ಆರಕ್ಕಿಂತ ಕಡಿಮೆ. ನಮ್ಮ ಅಜ್ಜಿಯಂದಿರಲ್ಲಿ "ಹೆತ್ತಿದ್ದು ಎಂಟು, ಉಳಿದಿದ್ದು ಐದು" ಎನ್ನದವರು ಅಪರೂಪ. ಬೇಂದ್ರೆಯವರು ಮಗುವನ್ನು ಕಳೆದುಕೊಂಡ ಸಂಕಟದಲ್ಲಿ ಬರೆದ ಕವನವನ್ನು ನಮ್ಮ ಕೂಟಗಳಲ್ಲಿ ಹಾಡಿದಾಗಲೆಲ್ಲ ಸಭೆ ಮೌನವಾಗುತ್ತದೆ. ಮಗುವಿನ ಮೈ ಬಿಸಿಯಾದರೆ ಎದೆ ಹೊಡೆದುಕೊಳ್ಳುವುದು ಆ ತಲೆಮಾರುಗಳಿಂದ ಬಂದ ಬಳುವಳಿ. ಆ ಎಚ್ಚರ ಇರಲಿ. ಆದರೆ ಅದು ತಪ್ಪು ಬಾಗಿಲನ್ನು ಕಾಯುತ್ತಾ ಕೂತರೆ ಸರಿಯಾದ ಬಾಗಿಲು ತೆರೆದೇ ಉಳಿಯುತ್ತದೆ. ನಮ್ಮ ಕಾಳಜಿ ಇರುವುದು ಅಲ್ಲಿ.

ಬಾಲ್ಟಿಮೋರಿನ 340 ಮನೆಗಳು

ಜ್ವರದ ಬಗ್ಗೆ ತಂದೆತಾಯಿಗಳಿಗಿರುವ ಅತಿಭಯಕ್ಕೆ ಬಾರ್ಟನ್ ಶ್ಮಿಟ್ ಎಂಬ ಮಕ್ಕಳ ವೈದ್ಯರು 1980ರಲ್ಲೇ 'ಫೀವರ್ ಫೋಬಿಯಾ' ಎಂದು ಹೆಸರಿಟ್ಟರು. ಇಪ್ಪತ್ತು ವರ್ಷಗಳಲ್ಲಿ ಅದೇನಾದರೂ ಕಡಿಮೆಯಾಯಿತೇ ಎಂದು ನೋಡಲು ಬಾಲ್ಟಿಮೋರಿನ ವೈದ್ಯರು 340 ಮಂದಿ ಪೋಷಕರನ್ನು ಮಾತನಾಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇಕಡಾ 56 ಮಂದಿಗೆ ಜ್ವರದಿಂದ ಕೇಡಾಗುವುದೆಂಬ ತೀವ್ರ ಭಯ. ಶೇಕಡಾ 52 ಮಂದಿ ಗಂಟೆಗೊಮ್ಮೆ ಅಥವಾ ಅದಕ್ಕಿಂತ ಹೆಚ್ಚು ಬಾರಿ ಜ್ವರ ನೋಡುವವರು. ಶೇಕಡಾ 85 ಮಂದಿ ಹಾಯಾಗಿ ಮಲಗಿರುವ ಮಗುವನ್ನು ಎಬ್ಬಿಸಿ ಜ್ವರದ ಔಷಧಿ ಕುಡಿಸುವವರು! ಶೇಕಡಾ 44 ಮಂದಿ ಐಬುಪ್ರೊಫೆನ್ ಅನ್ನು ಬಿಡಬೇಕಾದಷ್ಟು ಅಂತರ ಬಿಡದೆ ಕೊಡುತ್ತಿದ್ದರು. ಇವರೆಲ್ಲ ಅಮೆರಿಕನ್ನರು, ನಮ್ಮ ಫೇರ್‌ಫ್ಯಾಕ್ಸ್, ಗೇದರ್ಸ್‌ಬರ್ಗ್ ಕನ್ನಡಿಗರನ್ನು ಕೇಳಿದ್ದರೆ ಅಂಕಿ ಇನ್ನಷ್ಟು ಏರುತ್ತಿತ್ತೇನೋ!

ಜ್ವರ ಎಂದರೇನು? ಮೆದುಳಿನಲ್ಲಿ ಹೈಪೋಥಲಮಸ್ ಎಂಬ ಪುಟ್ಟ ಭಾಗವಿದೆ, ಮನೆಯ ಥರ್ಮೋಸ್ಟ್ಯಾಟಿನ ಹಾಗೆ. ಸೋಂಕು ತಗುಲಿದಾಗ ರಕ್ಷಣಾ ಜೀವಕೋಶಗಳು ಕಳಿಸುವ ಸಂದೇಶದಿಂದ ಅದು ತನ್ನ ಮಟ್ಟವನ್ನು ಬೇಕೆಂದೇ ಮೇಲೇರಿಸುತ್ತದೆ. ಆ ಬಿಸಿಯಲ್ಲಿ ಅನೇಕ ವೈರಸ್‌ಗಳ ಬೆಳವಣಿಗೆ ನಿಧಾನವಾಗುತ್ತದೆ, ಬಿಳಿ ರಕ್ತಕಣಗಳ ಕೆಲಸ ಚುರುಕಾಗುತ್ತದೆ. ಮಟ್ಟ ಇಟ್ಟಿರುವುದು ದೇಹವೇ ಆದ್ದರಿಂದ ಸೋಂಕಿನ ಜ್ವರ ಕೈಮೀರಿ ಏರುತ್ತಾ ಹೋಗುವುದಿಲ್ಲ. 106 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ತೀರಾ ಅಪರೂಪ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಗುವಿನ ಮೈ ಕಾಯುವುದು ಬೇರೆಯೇ ವಿಷಯ. ಅಲ್ಲಿ ಥರ್ಮೋಸ್ಟ್ಯಾಟ್ ಸೋತಿರುತ್ತದೆ, ಅದು ಪ್ರಾಣಾಪಾಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಸ್ಪಷ್ಟವಾಗಿ ಹೇಳಿತು: ಔಷಧಿ ಕೊಡುವುದು ಮಗುವಿಗೆ ಆರಾಮವಾಗಲೆಂದು, ಥರ್ಮಾಮೀಟರಿನ ಅಂಕಿಯನ್ನು ಇಳಿಸಲೆಂದಲ್ಲ. 102 ಇದ್ದೂ ಆಡುತ್ತಿರುವ ಮಗುವಿಗಿಂತ 100.5 ಇದ್ದು ಮಂಕಾಗಿ ಬಿದ್ದಿರುವ ಮಗುವಿನ ಕಡೆಗೆ ಹೆಚ್ಚು ಗಮನ ಬೇಕು.

"ಜ್ವರ ನೆತ್ತಿಗೇರಿ ಫಿಟ್ಸ್ ಬಂದರೆ?" ಇದು ಪ್ರತಿ ತಾಯಿಯ ಪ್ರಶ್ನೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಸೆಳವು ಬರುವುದುಂಟು. ನೋಡುವವರಿಗೆ ಅದಕ್ಕಿಂತ ಭಯಾನಕ ದೃಶ್ಯವಿಲ್ಲ. ನಮ್ಮ ಪಕ್ಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್‌ನಲ್ಲಿ ಕ್ಯಾರಿನ್ ನೆಲ್ಸನ್ ಮತ್ತು ಜೋನಸ್ ಎಲೆನ್‌ಬರ್ಗ್ ಅವರು ಹೀಗೆ ಸೆಳವು ಬಂದ 1706 ಮಕ್ಕಳನ್ನು ಏಳು ವರ್ಷ ವಯಸ್ಸಿನವರೆಗೆ ಗಮನಿಸಿದ ವರದಿಯನ್ನು 1976ರಲ್ಲಿ ಪ್ರಕಟಿಸಿದರು. ಮುಂದೆ ಮೂರ್ಛೆರೋಗವಾದದ್ದು ಬಹಳ ಕೆಲವರಿಗೆ ಮಾತ್ರ. 1978ರ ವರದಿಯಲ್ಲಿ ಸೆಳವು ಬಂದ ಮಕ್ಕಳ ಬುದ್ಧಿಮತ್ತೆಯನ್ನು ಅವರವರ ಒಡಹುಟ್ಟಿದವರೊಂದಿಗೆ ಹೋಲಿಸಿದರು, ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅಂಥ ಹೊತ್ತಿನಲ್ಲಿ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡಬೇಕು. ಕೈಗೆ ಬೀಗದಕೈ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ಮೀರಿದರೆ 911. ಮೊದಲ ಸಲ ಬಂದಾಗ, ತಾನಾಗಿ ನಿಂತರೂ, ಡಾಕ್ಟರಿಗೆ ತೋರಿಸಲೇಬೇಕು.

ಎಂಟು ಗುಣಿಸು ಹತ್ತು

ಈಗ ನೆಗಡಿಯ ಲೆಕ್ಕ. ಆರೋಗ್ಯವಂತ ಪುಟ್ಟ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಸಹಜ. ಡೇಕೇರ್‌ಗೆ ಹೋಗುವ ಮಗುವಿಗೆ ಇನ್ನೂ ಹೆಚ್ಚು. ಪ್ರತಿ ನೆಗಡಿ ಹತ್ತು ದಿನ ಎಂದಿಟ್ಟುಕೊಳ್ಳಿ. ಎಂಟು ಗುಣಿಸು ಹತ್ತು ಎಂಬತ್ತು ದಿನ. ಇವು ಹೆಚ್ಚಾಗಿ ಬರುವುದು ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಸುಮಾರು 180 ದಿನಗಳಲ್ಲಿ. ಅಂದರೆ ಚಳಿಗಾಲದ ಹೆಚ್ಚುಕಡಿಮೆ ಅರ್ಧ ದಿನ ಯಾವ ದೋಷವೂ ಇಲ್ಲದ ಮಗುವಿನ ಮೂಗು ಸೋರುತ್ತಲೇ ಇರುತ್ತದೆ! "ಯಾವಾಗಲೂ ನೆಗಡಿ" ಎಂದು ನಮಗೆ ಅನಿಸುವುದರ ಗುಟ್ಟು ಈ ಗುಣಾಕಾರದಲ್ಲಿದೆ.

ಒಮ್ಮೆ ಬಂದ ಮೇಲೆ ದೇಹ ಕಲಿತುಕೊಳ್ಳಬೇಡವೇ? ಕಲಿಯುತ್ತದೆ. ಸೋಂಕನ್ನು ಎದುರಿಸಿದ ಜೀವಕೋಶಗಳಲ್ಲಿ ಕೆಲವು ಆ ಶತ್ರುವಿನ ಚಹರೆಯನ್ನು ನೆನಪಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತವೆ. ಆದರೆ ನೆಗಡಿ ತರುವ ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಒಂದರ ಚಹರೆ ಕಲಿತರೆ ಇನ್ನೊಂದು ವೇಷ ಹಾಕಿಕೊಂಡು ಬರುತ್ತದೆ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಹೊಸ ಆಂಟಿವೈರಸ್ ತಂತ್ರಾಂಶದ ಕಡತ ಖಾಲಿ ಇದೆ. ಒಂದೊಂದೇ ನಮೂದು ಸೇರುತ್ತಿದೆ.

ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕ್ಕೆ ದಾಟುತ್ತವೆ. ಅದು ಸಾಲ ತಂದ ದುಡ್ಡು, ಆರು ತಿಂಗಳ ಹೊತ್ತಿಗೆ ಬಹುಪಾಲು ಕರಗಿರುತ್ತದೆ. ಇಲ್ಲಿಯ ಕೇಂದ್ರ ಸರ್ಕಾರದ 1993ರ ರಜಾ ಕಾನೂನು ಕೊಡುವುದು ಹನ್ನೆರಡು ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗೂ ಅಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸಾಲದ ಪ್ರತಿಕಾಯ ಕರಗುತ್ತಿರುವ ಹೊತ್ತಿಗೇ ಕಂದಮ್ಮ ಡೇಕೇರ್ ಸೇರುತ್ತದೆ. ಆಸರೆಗೆ ಅಜ್ಜಿ ಬಂದಿದ್ದರೆ ಆರು ತಿಂಗಳ ವೀಸಾ ಮುಗಿದು ಅವರೂ ವಿಮಾನ ಹತ್ತುವುದು ಇದೇ ಹೊತ್ತಿಗೆ! ಬಾಣಂತನದ ಮನೆಯಲ್ಲಿ ಬೆಚ್ಚಗಿದ್ದ ಮಗು ಒಮ್ಮೆಗೇ ಹತ್ತು ಮಕ್ಕಳ ನಡುವೆ ಬಿದ್ದಾಗ ಆಗುವುದು ಹೀಗೇ. ಅದನ್ನು ತಾಯಿಯ ಕೆಲಸದ ಮೇಲೆ, ಅಡುಗೆಯ ಮೇಲೆ ಹೊರಿಸುವುದು ಅನ್ಯಾಯ.

ಈ ಕಲಿಕೆ ವ್ಯರ್ಥವಲ್ಲ ಎಂಬುದಕ್ಕೂ ಆಧಾರವಿದೆ. ಅರಿಜೋನಾದ ಟೂಸಾನ್ ನಗರದಲ್ಲಿ ಮಕ್ಕಳನ್ನು ಹುಟ್ಟಿನಿಂದ ಹದಿಮೂರು ವರ್ಷದವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಡೇಕೇರ್‌ಗೆ ಹೋದ ಮಕ್ಕಳಿಗೆ ಎರಡನೇ ವರ್ಷದಲ್ಲಿ ನೆಗಡಿ ಹೆಚ್ಚು. ಶಾಲೆಯ ವಯಸ್ಸಿನಲ್ಲಿ, ಮನೆಯಲ್ಲೇ ಬೆಳೆದ ಮಕ್ಕಳಿಗಿಂತ ಕಡಿಮೆ. ಹದಿಮೂರಕ್ಕೆ ಇಬ್ಬರೂ ಸಮ. ಒಟ್ಟಿನಲ್ಲಿ ಪಾಠ ಒಂದೇ. ಕೆಲವರು ಬೇಗ ಕಲಿಯುತ್ತಾರೆ, ಕೆಲವರು ತಡವಾಗಿ.

"ಇಮ್ಯುನಿಟಿ ಬೂಸ್ಟರ್" ಎಂಬ ಚೀಟಿ ಅಂಟಿಸಿದ ಡಬ್ಬಿಗಳು ಈಗ ಇಂಡಿಯನ್ ಸ್ಟೋರಿನಿಂದ ಹಿಡಿದು ಎಲ್ಲ ಅಂಗಡಿಗಳಲ್ಲೂ ಇವೆ. ರೋಗನಿರೋಧಕ ಶಕ್ತಿ ಚಾರ್ಜ್ ಮಾಡುವ ಬ್ಯಾಟರಿಯಲ್ಲ. ಅದು ಮಿತಿಮೀರಿ ಕೆರಳಿದರೆ ಆಗುವುದೇ ಅಲರ್ಜಿ, ಎಕ್ಸಿಮಾ, ಆಸ್ತಮಾ. ಬೇಕಿರುವುದು ತಿಳಿದು ಕೆಲಸ ಮಾಡುವ ಶಕ್ತಿ. ಅದಕ್ಕೆ ಎದೆಹಾಲು, ಹೊಟ್ಟೆತುಂಬ ನಿದ್ದೆ, ಬೇಳೆ-ಸೊಪ್ಪು-ಹಣ್ಣಿನ ಸಾಧಾರಣ ಊಟ, ಸೇದುವವರಿಲ್ಲದ ಮನೆ ಮತ್ತು ಹೊತ್ತಿಗೆ ಸರಿಯಾಗಿ ಲಸಿಕೆ ಸಾಕು. ಪಟ್ಟಿ ನೀರಸವಾಗಿದೆ, ನಿಜ.

ತಪ್ಪು ಪಾಠ, ಸರಿಯಾದ ಪಾಠ

ದೇಹಕ್ಕೆ ಪಾಠ ಕಲಿಸುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ನಮ್ಮ ವಾಷಿಂಗ್‌ಟನ್ನಿನದೇ ಒಂದು ಕಥೆಯಿದೆ. ಆರ್‌ಎಸ್‌ವಿ ಎಂಬ ವೈರಸ್ ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳನ್ನೂ ಮುಟ್ಟುತ್ತದೆ. ದೊಡ್ಡವರಿಗೆ ಬರೀ ನೆಗಡಿ. ಎಳೆಗೂಸಿಗೆ ಉಬ್ಬಸ, ಕೆಲವೊಮ್ಮೆ ಆಸ್ಪತ್ರೆ. 1956ರಲ್ಲಿ ಇಲ್ಲಿಯ ವಾಲ್ಟರ್ ರೀಡ್ ಸಂಸ್ಥೆಯಲ್ಲಿ ನೆಗಡಿಯಾದ ಚಿಂಪಾಂಜಿಗಳಲ್ಲಿ ಅದು ಮೊದಲು ಸಿಕ್ಕಿತು. ರಾಬರ್ಟ್ ಚಾನಕ್ ಮರುವರ್ಷ ಅದನ್ನು ಬಾಲ್ಟಿಮೋರಿನ ಮಕ್ಕಳಲ್ಲಿ ಗುರುತಿಸಿದರು.

1960ರ ದಶಕದ ಮಧ್ಯದಲ್ಲಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯನ್ನು ವಾಷಿಂಗ್‌ಟನ್ನಿನ ಶಿಶುಗಳ ಮೇಲೆ ಪರೀಕ್ಷಿಸಲಾಯಿತು. ಫಲ ವಿಪರೀತವಾಯಿತು. 31 ಶಿಶುಗಳಲ್ಲಿ 20ಕ್ಕೆ ಮುಂದೆ ಆರ್‌ಎಸ್‌ವಿ ತಗುಲಿತು, 16 ಆಸ್ಪತ್ರೆ ಸೇರಿದವು, ಎರಡು ತೀರಿಕೊಂಡವು. ಲಸಿಕೆ ರಕ್ಷಿಸುವ ಬದಲು ರೋಗವನ್ನು ಉಲ್ಬಣಗೊಳಿಸಿತ್ತು. 1969ರಲ್ಲಿ ವೈದ್ಯರೇ ಇದನ್ನೆಲ್ಲ ಬಿಡದೆ ಬರೆದು ಪ್ರಕಟಿಸಿದರು.

ಕಾರಣದ ದೊಡ್ಡ ಭಾಗ ತಿಳಿಯಲು ಅರ್ಧ ಶತಮಾನವೇ ಬೇಕಾಯಿತು. ವೈರಸ್ಸಿನ ಮೇಲ್ಮೈಯಲ್ಲಿರುವ ಎಫ್ ಎಂಬ ಪ್ರೋಟೀನು ಜೀವಕೋಶಕ್ಕೆ ಅಂಟುವ ಮೊದಲು ಒಂದು ಆಕಾರದಲ್ಲಿರುತ್ತದೆ, ಅಂಟಿದ ಮೇಲೆ ಇನ್ನೊಂದು. ಹಳೆಯ ಲಸಿಕೆ ದೇಹಕ್ಕೆ ತೋರಿಸಿದ್ದು ಎರಡನೆಯದನ್ನು, ಕಳ್ಳ ಮನೆಯೊಳಗೆ ಹೊಕ್ಕು ಅಂಗಿ ಬದಲಿಸಿದ ಮೇಲಿನ ಫೋಟೋ ಎನ್ನಿ. 2013ರಲ್ಲಿ ಎನ್‌ಐಎಚ್‌ನ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತಿತರರು ಮೊದಲ ಆಕಾರವನ್ನು ಹಿಡಿದು ನಿಲ್ಲಿಸಿದರು. ಹತ್ತು ವರ್ಷಕ್ಕೆ ಫಲ ಸಿಕ್ಕಿತು. 2023ರಲ್ಲಿ ಗರ್ಭಿಣಿಯರಿಗೆ ಕೊಡುವ ಲಸಿಕೆಗೂ, ಶಿಶುಗಳಿಗೆ ನೇರವಾಗಿ ಕೊಡುವ ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯಕ್ಕೂ ಅನುಮತಿ ದೊರೆಯಿತು. ಲಸಿಕೆಯ ಬಗ್ಗೆ ಪ್ರಶ್ನೆ ಕೇಳುವವರಿಗೆ ನಾವು ಈ ಕಥೆಯನ್ನು ಅಡಗಿಸದೆ ಹೇಳುತ್ತೇವೆ. ವಿಜ್ಞಾನ ತನ್ನ ಸೋಲನ್ನು ಬರೆದಿಟ್ಟುಕೊಂಡಿತು, ಅದರಿಂದಲೇ ದಾರಿ ಕಂಡುಕೊಂಡಿತು.

"ರೋಗ ಬಂದು ಹೋದರೆ ಸಹಜವಾಗಿ ಶಕ್ತಿ ಬರುತ್ತೆ, ಲಸಿಕೆ ಯಾಕೆ?" ಎನ್ನುವವರು ನಮ್ಮಲ್ಲೂ ಇದ್ದಾರೆ. ನೆಗಡಿಯ ಮಟ್ಟಿಗೆ ಆ ಮಾತು ನಡೆಯುತ್ತದೆ. ದಡಾರದ ಮಟ್ಟಿಗೆ ನಡೆಯುವುದಿಲ್ಲ. ದಡಾರದ ವೈರಸ್ ನೆನಪಿನ ಜೀವಕೋಶಗಳನ್ನೇ ಹುಡುಕಿ ನಾಶ ಮಾಡುತ್ತದೆ. ಲಸಿಕೆ ಹಾಕಿಸದೆ ದಡಾರ ಬಂದ ಮಕ್ಕಳಲ್ಲಿ ಅದುವರೆಗೆ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ಅಳಿಸಿಹೋಗಿದ್ದವು ಎಂದು 2019ರ ಸಂಶೋಧನೆಯೊಂದು ತೋರಿಸಿತು. ಕಷ್ಟಪಟ್ಟು ತುಂಬಿಸಿದ ಕಡತವನ್ನು ಯಾರೋ ಡಿಲೀಟ್ ಮಾಡಿದಂತೆ.

ಇದು ದೂರದ ಮಾತೂ ಅಲ್ಲ. ಅಮೆರಿಕ 2000ದಲ್ಲಿ ದಡಾರ ಹರಡುವುದು ನಿಂತಿತೆಂದು ಘೋಷಿಸಿತ್ತು. 2025ರ ಅಕ್ಟೋಬರಿನಲ್ಲಿ ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್-ಗ್ರೀನ್‌ವಿಲ್ ಭಾಗದಲ್ಲಿ ಅದು ಮತ್ತೆ ಭುಗಿಲೆದ್ದು, 2026ರ ಆರಂಭದ ಹೊತ್ತಿಗೆ ನೂರಾರು ಮಂದಿಗೆ ತಗುಲಿತು. ಬಹುಪಾಲು ಲಸಿಕೆ ಹಾಕಿಸದವರು. ಎಂಎಂಆರ್ ಲಸಿಕೆಯ ಎರಡು ಡೋಸುಗಳು ದಡಾರವನ್ನು ಶೇಕಡಾ 97ರಷ್ಟು ತಡೆಯುತ್ತವೆ. ಬೇಸಿಗೆ ರಜೆಗೆ ಕೂಸನ್ನು ಎತ್ತಿಕೊಂಡು ಬೆಂಗಳೂರಿಗೆ ಹೊರಡುವ ನಮ್ಮವರು ಇದೊಂದನ್ನು ಗಮನಿಸಬೇಕು. ಸಾಮಾನ್ಯವಾಗಿ ಮೊದಲ ಡೋಸು ವರ್ಷ ತುಂಬಿದ ಮೇಲೆ. ವಿದೇಶ ಪ್ರಯಾಣವಿದ್ದರೆ ಆರರಿಂದ ಹನ್ನೊಂದು ತಿಂಗಳ ಕೂಸಿಗೂ ಒಂದು ಡೋಸು ಮುಂಚಿತವಾಗಿ ಕೊಡುತ್ತಾರೆ. ಟಿಕೆಟ್ ಬುಕ್ ಮಾಡಿದ ದಿನವೇ ಡಾಕ್ಟರಿಗೆ ಫೋನ್ ಮಾಡುವುದು ಒಳ್ಳೆಯದು.

ಸೂಟ್‌ಕೇಸಿನ ಔಷಧಾಲಯ

ಊರಿಂದ ಬರುವಾಗ ಚಟ್ನಿಪುಡಿ, ಹಪ್ಪಳಗಳ ನಡುವೆ ಔಷಧಿಯ ಬಾಟಲಿಗಳೂ ಬರುತ್ತವೆ. ಅಲ್ಲಿಯ ಕ್ರೋಸಿನ್ ಮತ್ತು ಇಲ್ಲಿಯ ಟೈಲನಾಲ್ ಎರಡೂ ಒಂದೇ ಔಷಧಿ; ಅಲ್ಲಿ ಪ್ಯಾರಾಸಿಟಮಾಲ್, ಇಲ್ಲಿ ಅಸೆಟಮಿನೊಫೆನ್. ಹೆಸರು ಬೇರೆ ಎಂದು ಎರಡನ್ನೂ ಕೊಟ್ಟರೆ ಡೋಸು ಇಮ್ಮಡಿಯಾಯಿತು. ಗಾಢತೆಯೂ ಬೇರೆ. ಅಮೆರಿಕದ ತಯಾರಕರು 2011ರಿಂದ ಮಕ್ಕಳ ದ್ರವವನ್ನು 5 ಎಂಎಲ್‌ಗೆ 160 ಮಿಲಿಗ್ರಾಂ ಎಂದು ಏಕರೂಪಗೊಳಿಸಿದರು. ಭಾರತದಲ್ಲಿ 125ರದೂ ಇದೆ, 250ರದೂ ಇದೆ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ಲೆಕ್ಕ. ಹನ್ನೆರಡು ಕಿಲೋ ಮಗುವಿಗೆ ಇಲ್ಲಿಯ ಬಾಟಲಿಯ 5 ಎಂಎಲ್ ಸರಿಹೋಗುತ್ತದೆ. 250ರ ಬಾಟಲಿಯಿಂದ ಅಷ್ಟೇ ಕೊಟ್ಟರೆ ಮಿತಿ ದಾಟುತ್ತದೆ. ಇದು ಅತಿಯಾದರೆ ಹಾಳಾಗುವುದು ಯಕೃತ್ತು. ನಾವು ಮನೆಯಲ್ಲಿ ಒಂದು ದೇಶದ ಬಾಟಲಿಯನ್ನಷ್ಟೇ ಇಡುತ್ತೇವೆ. ಕೊಟ್ಟ ಹೊತ್ತನ್ನು ಫ್ರಿಜ್ಜಿನ ಮೇಲೆ ಬರೆದಿಡುತ್ತೇವೆ.

ಆಸ್ಪಿರಿನ್ ಮಕ್ಕಳ ಜ್ವರಕ್ಕೆ ಬೇಡವೇ ಬೇಡ. ಅದಕ್ಕೂ ರೈ ಸಿಂಡ್ರೋಮ್ ಎಂಬ ಮಾರಕ ಕಾಯಿಲೆಗೂ ನಂಟಿದೆ ಎಂದು ಅಟ್ಲಾಂಟಾದ ಸಿಡಿಸಿ 1980ರ ದಶಕದ ಆರಂಭದಲ್ಲಿ ಎಚ್ಚರಿಸಿತು. 1980ರಲ್ಲಿ 555 ಇದ್ದ ಪ್ರಕರಣಗಳು 1987ರ ನಂತರ ಯಾವ ವರ್ಷವೂ 36 ದಾಟಲಿಲ್ಲ. ಒಂದು ಎಚ್ಚರಿಕೆಯ ಮಾತಿನಿಂದ ಉಳಿದ ಜೀವಗಳವು! ಕೆಮ್ಮು-ನೆಗಡಿಯ ಸಿರಪ್ಪುಗಳು ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಎಫ್‌ಡಿಎ 2008ರಲ್ಲಿ ಹೇಳಿತು. ತಯಾರಕರು ನಾಲ್ಕು ವರ್ಷದವರೆಗೂ ಬೇಡವೆಂದು ಚೀಟಿ ಅಂಟಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪು ಮಕ್ಕಳನ್ನು ಬಲಿ ತೆಗೆದುಕೊಂಡದ್ದನ್ನು ನಾವೆಲ್ಲ ಓದಿದ್ದೇವೆ.

ಕೆಮ್ಮಿಗೆ ಅಜ್ಜಿಯ ಜೇನುತುಪ್ಪ? ವರ್ಷ ದಾಟಿದ ಮಕ್ಕಳಿಗೆ ಧಾರಾಳವಾಗಿ ಕೊಡಿ; ರಾತ್ರಿಯ ಕೆಮ್ಮು ತಗ್ಗಿಸುತ್ತದೆಂದು 2007ರಲ್ಲಿ ಪೆನ್ಸಿಲ್ವೇನಿಯಾದ ವೈದ್ಯರೂ ಕಂಡುಕೊಂಡರು. ಆದರೆ ವರ್ಷದೊಳಗಿನ ಕೂಸಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ಬೇಡ. ಜೇನಿನಲ್ಲಿರಬಹುದಾದ ಬೊಟುಲಿನಂ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಅಮ್ಮನಿಗೋ ಅತ್ತೆಗೋ ಇದನ್ನು "ನಿಮಗೇನು ಗೊತ್ತು" ಎನ್ನದೆ ಹೇಳುವುದು ನಮ್ಮ ಜಾಣತನಕ್ಕೆ ಬಿಟ್ಟದ್ದು. "ವರ್ಷ ತುಂಬಲಿ, ಆಮೇಲೆ ನೀವೇ ನೆಕ್ಕಿಸಿ" ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ನಿಜವಾಗಿ ದಿಗಿಲು ಬೇಕಾದಲ್ಲಿ

ಇವು ಕಂಡರೆ ಬೆಳಗಾಗಲಿ ಎಂದು ಕಾಯಬಾರದು:

ಮೂರು ತಿಂಗಳೊಳಗಿನ ಕೂಸಿಗೆ 100.4 ಅಥವಾ ಹೆಚ್ಚು ಜ್ವರ. ಉಸಿರಾಡುವಾಗ ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುವುದು, ತುಟಿ ನೀಲಿಯಾಗುವುದು. ಎಂಟು ಗಂಟೆಯಾದರೂ ಉಚ್ಚೆ ಹೊಯ್ಯದಿರುವುದು, ಅತ್ತರೆ ಕಣ್ಣೀರು ಬಾರದಿರುವುದು. ಎಬ್ಬಿಸಿದರೂ ಏಳದ ಮಂಪರು, ಏನು ಮಾಡಿದರೂ ನಿಲ್ಲದ ಅಳು, ಬಿಗಿದ ಕುತ್ತಿಗೆ, ಒತ್ತಿದರೂ ಮಾಸದ ನೇರಳೆ ಕಲೆಗಳು. ಜ್ವರ ಪದೇ ಪದೇ 104 ದಾಟುವುದು.

ಜ್ವರ ಮೂರು ದಿನ ಮೀರಿದರೆ, ಎರಡು ವರ್ಷದೊಳಗಿನವರಿಗೆ ಒಂದು ದಿನ ಮೀರಿದರೆ, ಅಥವಾ ಬಿಟ್ಟ ಜ್ವರ ಮರಳಿದರೆ ಡಾಕ್ಟರಿಗೆ ಫೋನ್ ಮಾಡಬೇಕು. "ಶಕ್ತಿಯೇ ಇಲ್ಲ" ಎಂಬ ಅಜ್ಜಿಯ ಸಂಶಯಕ್ಕೂ ವೈದ್ಯರು ಅಳತೆಗೋಲು ಇಟ್ಟಿದ್ದಾರೆ. ವರ್ಷದಲ್ಲಿ ನಾಲ್ಕು ಅಥವಾ ಹೆಚ್ಚು ಕಿವಿ ಸೋಂಕು, ಎರಡು ಸಲ ನ್ಯುಮೋನಿಯಾ, ಏರದ ತೂಕ ಇದ್ದರೆ ಪರೀಕ್ಷೆ ಮಾಡಿಸುವುದು ನ್ಯಾಯ. ಬರೀ ನೆಗಡಿಗಳ ಎಣಿಕೆ ಆ ಪಟ್ಟಿಯಲ್ಲಿಲ್ಲ.

ಕೊನೆಯದಾಗಿ ನಮ್ಮ ಮೈಸೂರಿನದೇ ಒಂದು ಸಂಗತಿ. 1805ರ ಸುಮಾರಿಗೆ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದರು. ಅವರು ಮೈಸೂರಿನ ರಾಣೀವಾಸದವರೆಂದೂ, ಒಬ್ಬರು ಸೆರಗು ಸರಿಸಿ ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಜೆನ್ನರ್ ತನ್ನ ಶೋಧವನ್ನು ಪ್ರಕಟಿಸಿ ಆಗಿನ್ನೂ ಏಳೇ ವರ್ಷ. ಪರದೆಯ ಹಿಂದಿನ ಅರಮನೆಯ ಹೆಂಗಸರಿಗೆ ಆ ಹೊಸ ಮದ್ದಿನ ಬಗ್ಗೆ ಎಷ್ಟು ಅಂಜಿಕೆಯಿದ್ದಿರಬೇಕು! ಆದರೂ ತೋಳು ಚಾಚಿದರು, ಪ್ರಜೆಗಳು ನೋಡಲೆಂದು ಚಿತ್ರಕ್ಕೂ ನಿಂತರು. 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು.

ಅಂಜಿಕೆ ಅವರಿಗೂ ಇತ್ತು, ನಮಗೂ ಇದೆ. ಈ ಚಳಿಗಾಲದಲ್ಲಿ ಮಗುವಿನ ಹಣೆ ಬಿಸಿಯಾದಾಗ ಮೊದಲು ಮಗುವಿನ ಮುಖ ನೋಡೋಣ, ಆಮೇಲೆ ಥರ್ಮಾಮೀಟರ್. ಮೇಲಿನ ಲಕ್ಷಣಗಳಾವುವೂ ಇಲ್ಲವೆಂದಾದರೆ ಒಂದಿಷ್ಟು ಮೆಣಸಿನ ಸಾರನ್ನ ಕಲಸಿ ತಿನ್ನಿಸಿ, ಕಥೆ ಹೇಳಿ ಮಲಗಿಸೋಣ. ನಾವೂ ಮಲಗೋಣ.